ಕಿರು ಉತ್ಪನ್ನಗಳಿಗೆ ಪಿಸಿಬಿ ವಿನ್ಯಾಸ ತಂತ್ರಾಂಶ

ವಿದ್ಯುನ್ಮಾನ ಉಪಕರಣದ ಬಿಡಿಭಾಗಗಳನ್ನು ಮೈಮೇಲೆ ಹೊತ್ತು, ಅವುಗಳ ನಡುವಣ ಸಂಪರ್ಕಗಳನ್ನು ತಾಮ್ರದ ತೆಳುಗೆರೆಗಳಿಂದ ಏರ್ಪಡಿಸುವ ಅವಾಹಕ ಫಲಕಕ್ಕೆ ಮುದ್ರಿತ ಮಂಡಲ ಫಲಕವೆಂದು ಶಾಸ್ತ್ರೀಯ ಹೆಸರು. ಕಾರ್ಖಾನೆಯಲ್ಲಿಯೂ ಅಂಗಡಿಯಲ್ಲಿಯೂ ಅದನ್ನು ಪಿಸಿಬಿ ಎಂದೇ ಕರೆಯುವರು. ಯಾವ ಭಾಗ ಫಲಕದ ಯಾವ ಎಡೆಯಲ್ಲಿ ಕೂರಬೇಕು, ಯಾವ ಟ್ರ್ಯಾಕು ಯಾವ ಪದರದಲ್ಲಿ ಎಷ್ಟು ಅಗಲವಾಗಿ ಸಾಗಬೇಕು, ಎಲ್ಲೆಲ್ಲಿ ರಂಧ್ರ ಕೊರೆಯಬೇಕು ಎಂಬುದನ್ನೆಲ್ಲ ಗಣಕದ ಪರದೆಯ ಮೇಲೆ ನಿಶ್ಚಯಿಸಿ, ಆ ನಿಶ್ಚಯವನ್ನು ಕಾರ್ಖಾನೆಯ ಯಂತ್ರಗಳು ಗ್ರಹಿಸಬಲ್ಲ ಕಡತಗಳ ರೂಪಕ್ಕೆ ತರುವ ಸಾಧನವೇ ಪಿಸಿಬಿ ವಿನ್ಯಾಸ ತಂತ್ರಾಂಶ. ಪ್ರಸ್ತುತ ಲೇಖನದ ವ್ಯಾಪ್ತಿ ಕಿರು ಉತ್ಪನ್ನಗಳಿಗೆ ಸೀಮಿತವಾದುದು: ಪಂಪ್‌ಸೆಟ್ಟಿನ ಸ್ಟಾರ್ಟರ್ ನಿಯಂತ್ರಕ, ತೂಕದ ಯಂತ್ರ, ಬ್ಯಾಟರಿ ಚಾರ್ಜರು, ಎಲ್‌ಇಡಿ ದೀಪದ ಡ್ರೈವರು, ಉಷ್ಣತೆ ಅಳೆಯುವ ಸಣ್ಣ ಪೆಟ್ಟಿಗೆ ಮೊದಲಾದ, ಎರಡು ಅಥವಾ ನಾಲ್ಕು ಪದರಗಳ ಫಲಕದಲ್ಲಿ ಮುಗಿಯುವ, ನೂರರ ಇಲ್ಲವೆ ಸಾವಿರದ ಲೆಕ್ಕದಲ್ಲಿ ತಯಾರಾಗುವ, ಒಬ್ಬರೋ ಇಬ್ಬರೋ ಎಂಜಿನಿಯರುಗಳ ಕೈಯಿಂದಲೇ ಹೊರಬರುವ ಉಪಕರಣಗಳು ಇಲ್ಲಿ ಗಮನಕ್ಕೆ ಬರುತ್ತವೆ. ಮೊಬೈಲ್ ಫೋನು, ಸರ್ವರು, ಕ್ಷಿಪಣಿ ಮುಂತಾದುವುಗಳ ವಿನ್ಯಾಸಕ್ಕೆ ಬೇರೆಯೇ ಮಾನದಂಡಗಳುಂಟು.

ಮುದ್ರಿತ ಮಂಡಲದ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದವರಲ್ಲಿ ಅಗ್ರಗಣ್ಯನಾದ ಪಾಲ್ ಐಸ್ಲರ್ ವಿಯೆನ್ನಾದಲ್ಲಿ ಹುಟ್ಟಿ, 1936ರಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಫಿರಂಗಿ ಗುಂಡಿನ ಸಾಮೀಪ್ಯ ಸ್ಫೋಟಕಗಳಲ್ಲಿ ಮುದ್ರಿತ ಮಂಡಲವನ್ನು ವಿಪುಲವಾಗಿ ಬಳಸಿದ ತರುವಾಯ ಅದು ಕ್ರಮೇಣ ರೇಡಿಯೊ ಮತ್ತು ದೂರದರ್ಶನ ಯಂತ್ರಗಳಿಗೂ ವ್ಯಾಪಿಸಿತು. ಗಣಕವು ಈ ಕ್ಷೇತ್ರಕ್ಕೆ ಕಾಲಿಡುವುದಕ್ಕೆ ಮುಂಚೆ ವಿನ್ಯಾಸವೆಂಬುದು ಅಕ್ಷರಶಃ ಕೈಕೆಲಸವಾಗಿತ್ತು. ದೀಪದ ಮೇಜಿನ ಮೇಲೆ ಪಾರದರ್ಶಕ ಮೈಲಾರ್ ಹಾಳೆಯನ್ನು ಹಾಸಿ, ನಿಜವಾದ ಅಳತೆಯ ಎರಡರಷ್ಟು ಅಥವಾ ನಾಲ್ಕರಷ್ಟು ಪ್ರಮಾಣದಲ್ಲಿ ಕಪ್ಪು ಟೇಪಿನ ಎಳೆಗಳನ್ನು ಅಂಟಿಸುತ್ತ, ಎರಡು ಮಗ್ಗುಲಿನ ಫಲಕವಾದರೆ ಒಂದು ಮಗ್ಗುಲಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಟೇಪನ್ನು ಬಳಸಿ, ಆ ಹಾಳೆಯನ್ನು ಛಾಯಾಚಿತ್ರ ತೆಗೆದು ಕುಗ್ಗಿಸಿ ಫಿಲ್ಮು ಮಾಡುತ್ತಿದ್ದರು. ಮಧ್ಯದಲ್ಲೊಂದು ಭಾಗವನ್ನು ಸರಿಸಬೇಕಾಯಿತೆಂದರೆ ಅದರ ಸುತ್ತಣ ಟೇಪನ್ನೆಲ್ಲ ಚಾಕುವಿನ ಮೊನೆಯಿಂದ ಎಬ್ಬಿಸಿ ಮತ್ತೆ ಅಂಟಿಸಬೇಕಾಗಿತ್ತು.

ಫಿಲ್ಮಿನ ಮೇಲೆ ಬೆಳಕಿನಿಂದ ನೇರವಾಗಿ ಗೆರೆಯೆಳೆಯುವ ಯಂತ್ರಗಳನ್ನು ರೂಢಿಗೆ ತಂದುದು ಜೋಸೆಫ್ ಗರ್ಬರ್ ಸ್ಥಾಪಿಸಿದ ಅಮೆರಿಕದ ಸಂಸ್ಥೆ. ಈತನೂ ವಿಯೆನ್ನಾದವನೇ, 1940ರಲ್ಲಿ ಅಮೆರಿಕಕ್ಕೆ ವಲಸೆ ಹೋದವನು. ಫಲಕವನ್ನು ಕಲ್ಪಿಸಿದವನೂ ಅದರ ಚಿತ್ರಕ್ಕೆ ಭಾಷೆಯನ್ನು ಕೊಟ್ಟ ಸಂಸ್ಥೆಯ ಸ್ಥಾಪಕನೂ ಒಂದೇ ನಗರವನ್ನು ಬಿಟ್ಟು ಹೋದವರೆಂಬುದು ಇತಿಹಾಸದ ಒಂದು ವಿಚಿತ್ರ ಯೋಗಾಯೋಗ. ಆ ಯಂತ್ರಗಳಿಗೆ ಆಜ್ಞೆ ನೀಡಲು ಹುಟ್ಟಿದ ಗರ್ಬರ್ ಲಿಪಿಯೇ ಇಂದಿಗೂ ವಿನ್ಯಾಸಕನಿಂದ ಕಾರ್ಖಾನೆಗೆ ಹೋಗುವ ಚಿತ್ರದ ಸಾಮಾನ್ಯ ಭಾಷೆ. ಅದರ ಹಳೆಯ ರೂಪದಲ್ಲಿ ಗೆರೆಯ ಅಗಲ ಹಾಗೂ ಪ್ಯಾಡಿನ ಆಕಾರಗಳ ಪಟ್ಟಿ ಪ್ರತ್ಯೇಕ ಕಡತದಲ್ಲಿರುತ್ತಿದ್ದು, ಆ ಪಟ್ಟಿ ಕಳೆದುಹೋದರೆ ಉಳಿದ ಚಿತ್ರ ನಿರರ್ಥಕವಾಗುತ್ತಿತ್ತು. 1998ರಲ್ಲಿ ಬಂದ ವಿಸ್ತೃತ ರೂಪವು ಪಟ್ಟಿಯನ್ನು ಚಿತ್ರದ ಒಳಗೇ ಸೇರಿಸಿ ಈ ಸಂಕಟವನ್ನು ಪರಿಹರಿಸಿತು. ಎಲ್ಲ ತಂತ್ರಾಂಶಗಳೂ ಗರ್ಬರ್ ಕಡತವನ್ನು ಹೊರಡಿಸಬಲ್ಲವಾದ್ದರಿಂದ, ಫಲಕ ಮಾಡಿಕೊಡುವ ಕಾರ್ಖಾನೆಯ ದೃಷ್ಟಿಯಲ್ಲಿ ವಿನ್ಯಾಸಕನು ಯಾವ ತಂತ್ರಾಂಶವನ್ನು ಬಳಸಿದನೆಂಬುದು ಬಹುಮಟ್ಟಿಗೆ ಅಪ್ರಸ್ತುತ. ಆಯ್ಕೆಯ ಫಲಾಫಲಗಳು ವಿನ್ಯಾಸಕನ ಪಾಲಿಗೇ ಬರತಕ್ಕವು.

ಕೆಲಸದ ಕ್ರಮ ಎಲ್ಲ ತಂತ್ರಾಂಶಗಳಲ್ಲಿಯೂ ಸ್ಥೂಲವಾಗಿ ಒಂದೇ. ಮೊದಲು ಸ್ಕೀಮ್ಯಾಟಿಕ್ ಎಂಬ ಮಂಡಲ ನಕ್ಷೆಯನ್ನು ಸಂಕೇತಗಳಿಂದ ಬರೆಯಬೇಕು. ಪ್ರತಿಯೊಂದು ಸಂಕೇತಕ್ಕೂ ಫುಟ್‌ಪ್ರಿಂಟನ್ನು, ಎಂದರೆ ಫಲಕದ ಮೇಲೆ ಆ ಭಾಗ ಬೆಸುಗೆಗೊಳ್ಳುವ ಪ್ಯಾಡುಗಳ ವಿನ್ಯಾಸವನ್ನು, ಜೋಡಿಸಬೇಕು. ಆಗ ಯಾವ ಕಾಲು ಯಾವ ಕಾಲಿಗೆ ಸೇರಬೇಕೆಂಬ ಪಟ್ಟಿ ಸಿದ್ಧವಾಗಿ, ಫಲಕದ ಪರದೆಯಲ್ಲಿ ಸೇರಬೇಕಾದ ಪ್ಯಾಡುಗಳ ನಡುವೆ ನೂಲಿನಂಥ ನೇರ ಗೆರೆಗಳು ಕಾಣಿಸಿಕೊಳ್ಳುವುವು. ಭಾಗಗಳನ್ನು ಸೂಕ್ತ ಸ್ಥಾನದಲ್ಲಿರಿಸಿ, ಆ ನೂಲುಗಳನ್ನು ಒಂದೊಂದಾಗಿ ತಾಮ್ರದ ಟ್ರ್ಯಾಕುಗಳನ್ನಾಗಿ ಮಾರ್ಪಡಿಸಿ, ಉಳಿದ ಜಾಗಕ್ಕೆ ಗ್ರೌಂಡಿನ ತಾಮ್ರವನ್ನು ತುಂಬಿ, ಕೊನೆಯಲ್ಲಿ ನಿಯಮ ಪರೀಕ್ಷೆಯನ್ನು ನಡೆಸಿದರೆ ಚಿತ್ರ ಮುಗಿಯಿತು. ನಿಯಮ ಪರೀಕ್ಷೆಯೆಂದರೆ ಟ್ರ್ಯಾಕುಗಳ ನಡುವಣ ಅಂತರ ಕಾರ್ಖಾನೆಯ ಸಾಮರ್ಥ್ಯಕ್ಕಿಂತ ಕಡಿಮೆಯಾಗಿಲ್ಲವೆ, ರಂಧ್ರ ಅತಿ ಚಿಕ್ಕದಾಗಿಲ್ಲವೆ, ಯಾವುದಾದರೂ ಸಂಪರ್ಕ ಉಳಿದುಹೋಗಿದೆಯೆ ಎಂದು ತಂತ್ರಾಂಶವೇ ನೋಡಿ ಹೇಳುವ ವ್ಯವಸ್ಥೆ. ಕಿರು ಉತ್ಪನ್ನಕ್ಕೆ ಇದಕ್ಕಿಂತ ಹೆಚ್ಚಿನ ಅತಿಶಯವೇನೂ ಬೇಕಾಗುವುದಿಲ್ಲ. 35 ಮೈಕ್ರಾನ್ ದಪ್ಪದ ತಾಮ್ರವಿರುವ ಹೊರಪದರದಲ್ಲಿ ಒಂದು ಆಂಪಿಯರ್ ವಿದ್ಯುತ್ತಿಗೆ ಸುಮಾರು 0.3 ಮಿ.ಮೀ. ಅಗಲದ ಟ್ರ್ಯಾಕು ಸಾಕು. ಈ ಬಗೆಯ ಲೆಕ್ಕವನ್ನು ಯಾವ ತಂತ್ರಾಂಶದಲ್ಲಾದರೂ ಮಾಡಿಕೊಳ್ಳಬಹುದು, ಕಾಗದದ ಮೇಲೂ ಮಾಡಬಹುದು.

ತಂತ್ರಾಂಶವೇ ಟ್ರ್ಯಾಕುಗಳನ್ನು ಎಳೆದುಕೊಡುವ ಆಟೊರೌಟರ್ ಎಂಬ ಸೌಲಭ್ಯವನ್ನು ಮಾರಾಟಗಾರರು ಬಹುಕಾಲದಿಂದ ಮುಂದೊಡ್ಡಿ ತೋರಿಸುತ್ತ ಬಂದಿದ್ದಾರೆ. ಚಕ್ರವ್ಯೂಹದಂತಹ ಜಾಲರಿಯಲ್ಲಿ ಅತ್ಯಂತ ಹತ್ತಿರದ ದಾರಿಯನ್ನು ಹುಡುಕುವ ವಿಧಾನವನ್ನು ಸಿ. ವೈ. ಲೀ 1961ರಲ್ಲಿಯೇ ಪ್ರಕಟಿಸಿದ್ದನು. ಅನಂತರದ ರೌಟರುಗಳಲ್ಲಿ ಅನೇಕವು ಅದರ ಸಂತತಿಯೇ. ಆದರೆ ಸ್ವಿಚಿಂಗ್ ವಿದ್ಯುತ್ ಸರಬರಾಜಿನಲ್ಲಿ ವೇಗವಾಗಿ ಬದಲಾಗುವ ವಿದ್ಯುತ್ತು ಹರಿಯುವ ಸುತ್ತನ್ನು ಆದಷ್ಟು ಕಿರಿದಾಗಿಸಬೇಕು, ಸೂಕ್ಷ್ಮ ಸಂಕೇತದ ಟ್ರ್ಯಾಕು ರಿಲೇಯ ಬಳಿ ಸುಳಿಯಕೂಡದು, 230 ವೋಲ್ಟಿನ ಭಾಗಕ್ಕೂ ಮುಟ್ಟಬಹುದಾದ ಭಾಗಕ್ಕೂ ನಡುವೆ ಕೆಲವು ಮಿಲಿಮೀಟರುಗಳಷ್ಟು ಬರಿದು ಜಾಗವಿರಬೇಕು ಎಂಬಂತಹ ವಿವೇಕ ಅದಕ್ಕೆ ತಾನಾಗಿ ಬರುವುದಿಲ್ಲ. ಅದನ್ನೆಲ್ಲ ನಿಯಮಗಳಾಗಿ ಬರೆದುಕೊಡುವ ಹೊತ್ತಿಗೆ ಸಣ್ಣ ಫಲಕವನ್ನು ಕೈಯಿಂದಲೇ ಎಳೆದು ಮುಗಿಸಬಹುದು. ಆದಕಾರಣ ಆಟೊರೌಟರಿನ ಗುಣದೋಷಗಳನ್ನು ಆಧರಿಸಿ ಆಯ್ಕೆಮಾಡುವುದು ಈ ವರ್ಗದ ಕೆಲಸಕ್ಕೆ ಒಪ್ಪುವ ಮಾರ್ಗವಲ್ಲ.

ನಿಜವಾಗಿ ತೂಗಿ ನೋಡತಕ್ಕದ್ದು ಲೈಬ್ರರಿಯನ್ನು, ಎಂದರೆ ಸಂಕೇತಗಳ ಮತ್ತು ಫುಟ್‌ಪ್ರಿಂಟುಗಳ ಭಂಡಾರವನ್ನು. ಫಲಕ ಬಂದ ಮೇಲೆ ಬೆಳಕಿಗೆ ಬರುವ ದೋಷಗಳಲ್ಲಿ ದೊಡ್ಡ ಪಾಲು ಟ್ರ್ಯಾಕಿನದಲ್ಲ, ಸಂಕೇತಕ್ಕೂ ಫುಟ್‌ಪ್ರಿಂಟಿಗೂ ಇರಬೇಕಾದ ಹೊಂದಾಣಿಕೆಯದು. ಮತ್ತು ಇವುಗಳನ್ನು ನಿಯಮ ಪರೀಕ್ಷೆ ಹಿಡಿಯಲಾರದು, ಏಕೆಂದರೆ ತಪ್ಪು ಲೈಬ್ರರಿಯಲ್ಲಿಯೇ ಇರುವಾಗ ತಂತ್ರಾಂಶದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಒಂದೇ ಆಕಾರದ ಕಪ್ಪು ಪ್ಲಾಸ್ಟಿಕ್ ಮೈಯ ಎರಡು ಟ್ರಾನ್ಸಿಸ್ಟರುಗಳನ್ನು ಗಮನಿಸಿ: ಚಪ್ಪಟೆ ಮುಖವನ್ನು ನಮ್ಮ ಕಡೆಗೂ ಕಾಲುಗಳನ್ನು ಕೆಳಗೂ ಹಿಡಿದರೆ ಬಿಸಿ547ರಲ್ಲಿ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಕ್ರಮ, 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್ ಎಂಬ ತಿರುಗುಮುರುಗಾದ ಕ್ರಮ. ನಕ್ಷೆಯಲ್ಲಿ ಒಂದನ್ನು ಬರೆದು ಅಂಗಡಿಯಿಂದ ಇನ್ನೊಂದನ್ನು ತಂದರೆ, ಅಥವಾ ಲೈಬ್ರರಿ ಬರೆದವನು ಎರಡನ್ನೂ ಒಂದೇ ಎಂದು ಭಾವಿಸಿದ್ದರೆ, ಫಲಕದಲ್ಲಿ ಟ್ರಾನ್ಸಿಸ್ಟರು ಬೆನ್ನು ತಿರುಗಿಸಿ ನಿಂತಂತಾಗುತ್ತದೆ. ಇನ್ನೊಂದು ನಿದರ್ಶನ ಮೇಲ್ಮೈ ಬೆಸುಗೆಯ ರೆಸಿಸ್ಟರುಗಳದು. ಅಂಗುಲದ ಪದ್ಧತಿಯಲ್ಲಿ 0603 ಎಂಬ ಸಂಖ್ಯೆ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲದ ಭಾಗವನ್ನು ಸೂಚಿಸಿದರೆ, ಮೆಟ್ರಿಕ್ ಪದ್ಧತಿಯಲ್ಲಿ ಅದೇ 0603 ಎಂಬುದು 0.6 ಮಿ.ಮೀ. ಉದ್ದ, 0.3 ಮಿ.ಮೀ. ಅಗಲದ, ಕೈಬೆಸುಗೆಗೆ ಸಿಗದಷ್ಟು ಕಿರಿದಾದ ಭಾಗ. ಲೈಬ್ರರಿಯಲ್ಲಿ ಯಾವ ಪದ್ಧತಿಯ ಹೆಸರಿದೆಯೆಂಬುದನ್ನು ಸ್ಪಷ್ಟವಾಗಿ ನಮೂದಿಸಿರುವ ತಂತ್ರಾಂಶ, ಎರಡು ಪದ್ಧತಿಯ ಸಂಖ್ಯೆಗಳನ್ನೂ ಹೆಸರಿನಲ್ಲಿಯೇ ಜೊತೆಗೂಡಿಸಿರುವ, ಮುಂದೆ ಹೇಳಲಿರುವ ಕೈಕ್ಯಾಡಿನಂತಹದು, ಈ ವಿಷಯದಲ್ಲಿ ನಿಸ್ಸಂದೇಹವಾಗಿ ಮೇಲು.

ಲೈಬ್ರರಿ ಎಷ್ಟೇ ವಿಶಾಲವಾಗಿದ್ದರೂ ಸ್ಥಳೀಯ ಮಾರುಕಟ್ಟೆಯ ಭಾಗಗಳು ಅದರಲ್ಲಿ ಇರಲಾರವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹೆಸರಿಲ್ಲದ ರಿಲೇಗೂ, ಪೀಣ್ಯದಲ್ಲಿ ಸುತ್ತಿಸಿಕೊಂಡ ಟ್ರಾನ್ಸ್‌ಫಾರ್ಮರಿಗೂ ಡೇಟಾಶೀಟೆಂಬುದು ಇರುವುದು ಅಪರೂಪ. ವರ್ನಿಯರ್ ಕ್ಯಾಲಿಪರ್ ಹಿಡಿದು ಕಾಲುಗಳ ಅಂತರವನ್ನೂ ದಪ್ಪವನ್ನೂ ಅಳೆದು, ರಂಧ್ರವನ್ನು ಕಾಲಿಗಿಂತ 0.2 ಅಥವಾ 0.3 ಮಿ.ಮೀ. ಹಿರಿದಾಗಿಟ್ಟು, ಫುಟ್‌ಪ್ರಿಂಟನ್ನು ತಾನೇ ಬರೆದುಕೊಳ್ಳಬೇಕು. ಆಮೇಲೆ ಚಿತ್ರವನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಥರ್ಮೊಕೋಲಿನ ತುಂಡಿಗೆ ಅಂಟಿಸಿ, ರಿಲೇಯನ್ನು ಅದರ ಮೇಲೆ ಚುಚ್ಚಿ ನೋಡುವ ಪರಿಪಾಠ ಹಳೆಯದಾದರೂ ಇಂದಿಗೂ ಬಿಡತಕ್ಕದ್ದಲ್ಲ. ಆದುದರಿಂದ ಸ್ವಂತ ಫುಟ್‌ಪ್ರಿಂಟನ್ನು ಎಷ್ಟು ನಿರಾಯಾಸವಾಗಿ ರಚಿಸಬಹುದೆಂಬುದು ಆಯ್ಕೆಯ ಸಮಯದಲ್ಲಿ ಪರೀಕ್ಷಿಸಲೇಬೇಕಾದ ಅಂಶ. ಹೊಸ ತಂತ್ರಾಂಶವನ್ನು ಪರಿಶೀಲಿಸುವವರು ಅದರ ಮಾದರಿ ಚಿತ್ರಗಳನ್ನು ತೆರೆದು ನೋಡಿ ಮೆಚ್ಚುವುದಕ್ಕೆ ಬದಲಾಗಿ ಇಂತಹ ಒಂದು ರಿಲೇಯನ್ನು ಬರೆದು ನೋಡುವುದು ಲೇಸು.

ಇನ್ನು ಬಳಕೆಯಲ್ಲಿರುವ ತಂತ್ರಾಂಶಗಳು. ಮೇಲುಸ್ತರದಲ್ಲಿ ಕೇಡೆನ್ಸ್ ಸಂಸ್ಥೆಯ ಅಲೆಗ್ರೊ, ಹಿಂದೆ ಮೆಂಟರ್ ಗ್ರಾಫಿಕ್ಸಿನದಾಗಿದ್ದು 2017ರಿಂದ ಸೀಮೆನ್ಸಿಗೆ ಸೇರಿದ ಎಕ್ಸ್‌ಪೆಡಿಶನ್, ಜಪಾನಿನ ಜೂಕೆನ್ ಸಂಸ್ಥೆಯ ಸಿಆರ್-8000 ಇವೆ. ದೊಡ್ಡ ಕಂಪನಿಗಳ ಸಾವಿರಾರು ಭಾಗಗಳ ಫಲಕಗಳಿಗೆ ತಕ್ಕ ಇವುಗಳ ಬೆಲೆಯೂ ಕಲಿಕೆಯ ಭಾರವೂ ಸಣ್ಣ ಉದ್ಯಮಕ್ಕೆ ಒಗ್ಗುವಂಥವಲ್ಲ. ಇದೇ ಕುಟುಂಬಗಳ ಕಿರಿಯ ಸದಸ್ಯರಾದ ಓರ್‌ಕ್ಯಾಡ್ ಮತ್ತು ಪ್ಯಾಡ್ಸ್ ನಮ್ಮ ಎಂಜಿನಿಯರುಗಳಿಗೆ ಬಹುಕಾಲದಿಂದ ಪರಿಚಿತ. ಓರ್‌ಕ್ಯಾಡ್ 1985ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹುಟ್ಟಿ 1999ರಲ್ಲಿ ಕೇಡೆನ್ಸಿನ ವಶವಾಯಿತು. ಅದೇ 1985ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ನಿಕ್ ಮಾರ್ಟಿನ್ ಪ್ರಾರಂಭಿಸಿದ ಪ್ರೊಟೆಲ್, ಮೇಜಿನ ಮೇಲಣ ಸಾಧಾರಣ ಗಣಕದಲ್ಲಿಯೇ ಈ ಕೆಲಸ ಸಾಧ್ಯವೆಂದು ತೋರಿಸಿಕೊಟ್ಟು, 2001ರಲ್ಲಿ ಆಲ್ಟಿಯಮ್ ಎಂದು ಹೆಸರು ಬದಲಿಸಿಕೊಂಡು, 2024ರಲ್ಲಿ ಜಪಾನಿನ ಚಿಪ್ಪು ತಯಾರಕ ರೆನೆಸಾಸ್ ಸಂಸ್ಥೆಯ ಸ್ವತ್ತಾಯಿತು. ನಕ್ಷೆ, ಫಲಕ, ಮೂರು ಆಯಾಮದ ನೋಟ, ಒಂದೇ ಫಲಕದ ಹಲವು ರೂಪಾಂತರಗಳ ನಿರ್ವಹಣೆ ಇವೆಲ್ಲವನ್ನೂ ಒಂದೇ ಸೂರಿನಡಿ ಹೊಂದಿಸಿರುವ ಅಚ್ಚುಕಟ್ಟಿನಲ್ಲಿ ಆಲ್ಟಿಯಮ್ ಡಿಸೈನರಿಗೆ ಸರಿಸಾಟಿಯಾದವು ವಿರಳ. ಗ್ರಾಹಕ ಕಂಪನಿಯು ಚಿತ್ರವನ್ನು ಆಲ್ಟಿಯಮ್ಮಿನಲ್ಲಿಯೇ ಕೊಡಬೇಕೆಂದು ಕರಾರು ಮಾಡಿದ್ದರೆ ಚರ್ಚೆಗೆ ಅವಕಾಶವೇ ಇಲ್ಲ. ಹಾಗಿಲ್ಲದಲ್ಲಿ ವರ್ಷಕ್ಕೆ ಎರಡು ಮೂರು ಫಲಕ ಮಾಡುವ ಉದ್ಯಮಿಗೆ ಅದರ ಪರವಾನಗಿಯ ವೆಚ್ಚ ಹೊರೆಯೇ ಸರಿ. ಆ ಹೊರೆಯನ್ನು ತಪ್ಪಿಸಿಕೊಳ್ಳಲು ಕಳ್ಳಪ್ರತಿಯನ್ನು ಬಳಸುವ ರೂಢಿ ನಮ್ಮಲ್ಲಿ ಗುಟ್ಟಿನ ಸಂಗತಿಯೇನಲ್ಲ; ಉತ್ಪನ್ನ ಮಾರುಕಟ್ಟೆಗೆ ಬಂದು ಹೆಸರು ಮಾಡುವ ಹೊತ್ತಿಗೆ ವಕೀಲರ ಪತ್ರವೂ ಬರಬಹುದೆಂಬ ಭಯವನ್ನು ಇಟ್ಟುಕೊಂಡು ವ್ಯಾಪಾರ ಮಾಡುವುದು ಜಾಣತನವೆಂದು ಈ ಲೇಖಕನಿಗೆ ತೋರುವುದಿಲ್ಲ.

ಬ್ರಿಟನ್ನಿನ ಲ್ಯಾಬ್‌ಸೆಂಟರ್ ಸಂಸ್ಥೆಯ ಪ್ರೋಟಿಯಸ್ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಜನಪ್ರಿಯವಾಗಿರುವುದು ಫಲಕದ ವಿನ್ಯಾಸಕ್ಕಿಂತ ಹೆಚ್ಚಾಗಿ, ಮೈಕ್ರೊಕಂಟ್ರೋಲರಿನ ಪ್ರೋಗ್ರಾಮನ್ನು ಪರದೆಯ ಮೇಲೆಯೇ ನಡೆಸಿ ತೋರಿಸುವ ಅದರ ಅಣಕು ಪ್ರಯೋಗದ ಶಕ್ತಿಗಾಗಿ. ಡಿಪ್‌ಟ್ರೇಸ್ ಕಲಿಯಲು ಸುಲಭ. ಉಚಿತ ಆವೃತ್ತಿಯಲ್ಲಿ ಪಿನ್ನುಗಳ ಸಂಖ್ಯೆಗೆ ಮಿತಿಯುಂಟು. ಜರ್ಮನಿಯಲ್ಲಿ ಹುಟ್ಟಿದ ಫ್ರಿಟ್ಸಿಂಗ್ ಪಾಠ ಹೇಳಲು ಒಳ್ಳೆಯದು, ಉತ್ಪನ್ನಕ್ಕೆ ಸಾಲದು. ಲಿಬ್ರೆಪಿಸಿಬಿ ಇನ್ನೂ ಎಳೆಯದು.

ಈಗಲ್ ತಂತ್ರಾಂಶದ ಚರಿತ್ರೆಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಜರ್ಮನಿಯ ಕ್ಯಾಡ್‌ಸಾಫ್ಟ್ ಸಂಸ್ಥೆ 1988ರಲ್ಲಿ ಹೊರತಂದ ಈ ತಂತ್ರಾಂಶ, 100 ಮಿ.ಮೀ. ಉದ್ದ 80 ಮಿ.ಮೀ. ಅಗಲದ ಎರಡು ಪದರದ ಫಲಕದವರೆಗೆ ಉಚಿತವಾಗಿ ದೊರೆಯುತ್ತಿದ್ದುದರಿಂದ ಹವ್ಯಾಸಿಗಳಿಗೂ ಸಣ್ಣ ಉದ್ಯಮಿಗಳಿಗೂ ಎರಡು ದಶಕಗಳ ಕಾಲ ಆಪ್ತವಾಗಿತ್ತು. ಇಟಲಿಯ ಆರ್ಡುಯಿನೊ ಫಲಕಗಳ ಮೂಲಚಿತ್ರಗಳು ಲೋಕಕ್ಕೆ ದೊರೆತುದೂ ಈಗಲ್ ಕಡತಗಳ ರೂಪದಲ್ಲಿಯೇ. ಆರನೆಯ ಆವೃತ್ತಿಯಲ್ಲಿ ಕಡತವನ್ನು ಯಾರು ಬೇಕಾದರೂ ಓದಬಹುದಾದ ಎಕ್ಸ್‌ಎಂಎಲ್ ಪಠ್ಯಕ್ಕೆ ಬದಲಿಸಿದುದು ಅದರ ಒಡೆಯರು ಮಾಡಿದ ಮಹೋಪಕಾರ. 2016ರಲ್ಲಿ ಅದನ್ನು ಕೊಂಡ ಆಟೊಡೆಸ್ಕ್ ಮರುವರ್ಷವೇ ಒಮ್ಮೆ ಹಣಕೊಟ್ಟು ಚಿರಕಾಲ ಬಳಸುವ ಪದ್ಧತಿಯನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ತಂದಿತು. 2023ರಲ್ಲಿ ಇನ್ನೂ ಮುಂದೆ ಹೋಗಿ, 2026ರ ಜೂನ್ 7ರ ತರುವಾಯ ಪ್ರತ್ಯೇಕ ಈಗಲ್ ಇರುವುದಿಲ್ಲ, ಅದರ ಕೆಲಸವೆಲ್ಲ ಫ್ಯೂಷನ್ ಎಂಬ ತನ್ನ ದೊಡ್ಡ ತಂತ್ರಾಂಶದಲ್ಲಿ ಲೀನವಾಗುವುದೆಂದು ಪ್ರಕಟಿಸಿತು. ಚಿತ್ರ ತನ್ನದು, ಆದರೆ ಅದನ್ನು ತೆರೆಯುವ ಬೀಗದ ಕೈ ಬಾಡಿಗೆಯದು ಎಂಬ ಸ್ಥಿತಿಗೆ ಬಂದ ಬಳಕೆದಾರರಿಗೆ ಆ ಎಕ್ಸ್‌ಎಂಎಲ್ ಪಠ್ಯವೇ ಪಾರುಗಾಣುವ ದಾರಿಯಾಯಿತು. ಇತರ ತಂತ್ರಾಂಶಗಳು ಅದನ್ನು ಓದಬಲ್ಲವಾದ್ದರಿಂದ ಹಳೆಯ ದುಡಿಮೆ ವ್ಯರ್ಥವಾಗಲಿಲ್ಲ.

ಈ ಪ್ರಕರಣದಿಂದ ಕಿರು ಉತ್ಪನ್ನದ ವಿಶಿಷ್ಟ ಸಂಕಟ ಸ್ಪಷ್ಟವಾಗುತ್ತದೆ. ಮೊಬೈಲ್ ಫೋನಿನ ಫಲಕ ಒಂದೆರಡು ವರ್ಷಗಳಲ್ಲಿ ಇತಿಹಾಸಕ್ಕೆ ಸೇರಿಹೋದರೆ, ತೂಕದ ಯಂತ್ರದ ಅಥವಾ ಪಂಪ್‌ಸೆಟ್ ನಿಯಂತ್ರಕದ ಫಲಕ ಹತ್ತು ಹದಿನೈದು ವರ್ಷ ಅದೇ ರೂಪದಲ್ಲಿ ಮಾರಾಟವಾಗುತ್ತಿರುತ್ತದೆ. ಈ ಮಧ್ಯೆ ಅದರಲ್ಲಿರುವ ಒಂದು ಚಿಪ್ಪಿನ ತಯಾರಿ ನಿಲ್ಲುವುದು, ಒಂದು ಕನೆಕ್ಟರಿನ ಅಳತೆ ಬದಲಾಗುವುದು ಅನಿವಾರ್ಯ. ಆಗ ಹಳೆಯ ಚಿತ್ರವನ್ನು ತೆರೆದು, ನಾಲ್ಕು ಟ್ರ್ಯಾಕುಗಳನ್ನು ಸರಿಸಿ, ಹೊಸ ಗರ್ಬರ್ ತೆಗೆಯಬೇಕಾಗುತ್ತದೆ. ಗರ್ಬರ್ ಕಡತ ಮಾತ್ರ ಉಳಿದಿದ್ದರೆ ಪ್ರಯೋಜನ ಸ್ವಲ್ಪವೇ, ಏಕೆಂದರೆ ಅದರಲ್ಲಿ ತಾಮ್ರದ ಆಕಾರವಿರುತ್ತದೆಯೇ ಹೊರತು ಮಂಡಲದ ನಕ್ಷೆಯಿರುವುದಿಲ್ಲ. ಆದಕಾರಣ, ಬರೆಯುವವನು ಕಂಪನಿಯನ್ನು ಬಿಟ್ಟ ಮೇಲೂ, ಚಂದಾ ಮುಗಿದ ಮೇಲೂ, ತಂತ್ರಾಂಶದ ಒಡೆತನ ಕೈಬದಲಾದ ಮೇಲೂ ಚಿತ್ರ ತೆರೆದುಕೊಳ್ಳುವುದೆ ಎಂಬ ಪ್ರಶ್ನೆಗೆ, ಟ್ರ್ಯಾಕೆಳೆಯುವ ಸೊಬಗಿಗಿಂತ ಮುಂದಣ ಸ್ಥಾನ ಸಲ್ಲಬೇಕು.

ಈ ಒರೆಗಲ್ಲಿನ ಮೇಲೆ ತೇರ್ಗಡೆಯಾಗುವುದರಲ್ಲಿ ಕೈಕ್ಯಾಡ್ ಮೊದಲನೆಯದು. ಫ್ರಾನ್ಸಿನ ಗ್ರೆನೋಬಲ್‌ನ ಅಧ್ಯಾಪಕ ಜೀನ್-ಪಿಯೆರ್ ಶರಾಸ್ 1992ರಲ್ಲಿ ಪ್ರಾರಂಭಿಸಿದ ಈ ಮುಕ್ತ ತಂತ್ರಾಂಶ ಬಹುಕಾಲ ಒರಟಾಗಿಯೇ ಇತ್ತೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ. ನಕ್ಷೆಗೆ ಒಂದು ರೀತಿ, ಫಲಕಕ್ಕೆ ಇನ್ನೊಂದು ರೀತಿ ಎಂಬಂತಿದ್ದ ಅದರ ನಡವಳಿಕೆಯಿಂದ ಬೇಸತ್ತು ಬಿಟ್ಟವರು ಹಲವರು. ಯೂರೋಪಿನ ಕಣ ಭೌತವಿಜ್ಞಾನ ಸಂಸ್ಥೆಯಾದ ಸೆರ್ನ್ 2013ರ ಆಸುಪಾಸಿನಲ್ಲಿ ತನ್ನ ಎಂಜಿನಿಯರುಗಳನ್ನು ಈ ಕಾರ್ಯಕ್ಕೆ ತೊಡಗಿಸಿದ ಮೇಲೆ, ಹೊಸ ಟ್ರ್ಯಾಕು ಬರುತ್ತಿದ್ದಂತೆ ಹಳೆಯ ಟ್ರ್ಯಾಕುಗಳು ತಾವಾಗಿಯೇ ಪಕ್ಕಕ್ಕೆ ಸರಿದು ದಾರಿಬಿಡುವ ರೌಟರು ಅದಕ್ಕೆ ದೊರೆಯಿತು. 2018ರ ಐದನೆಯ ಆವೃತ್ತಿಯಿಂದ ಅದು ಗಂಭೀರ ಕೆಲಸಕ್ಕೆ ಯೋಗ್ಯವಾಯಿತು. 2021ರ ಡಿಸೆಂಬರಿನ ಆರನೆಯ ಆವೃತ್ತಿ ನಕ್ಷೆಯಲ್ಲಿ ಬಳಸಿದ ಸಂಕೇತಗಳನ್ನೆಲ್ಲ ನಕ್ಷೆಯ ಕಡತದೊಳಗೇ ಅಡಕಮಾಡಿ, ಲೈಬ್ರರಿ ಕಳೆದುಹೋದರೂ ಚಿತ್ರ ಉಳಿಯುವಂತೆ ಮಾಡಿತು. ಕಡತಗಳು ಸರಳ ಪಠ್ಯದವು. ತಂತ್ರಾಂಶದ ಪರವಾನಗಿ ತಂತ್ರಾಂಶಕ್ಕೆ ಮಾತ್ರ ಅನ್ವಯಿಸುವುದು; ಅದರಲ್ಲಿ ಬರೆದ ಚಿತ್ರ ಬರೆದವನ ಸ್ವತ್ತೇ. ಫಲಕದ ಅಳತೆಗೆ ವಾಣಿಜ್ಯ ಮಿತಿಯಿಲ್ಲ, ತಾಮ್ರದ ಪದರಗಳು 32ರವರೆಗೆ ಸಾಧ್ಯ. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯದೆಂಬುದು ಅದರ ಕೊರತೆ. ಒಂದೇ ಕಚೇರಿಯಲ್ಲಿ ಇಬ್ಬರು ಬೇರೆ ಬೇರೆ ಆವೃತ್ತಿಗಳನ್ನು ಬಳಸುವುದು ತಂಟೆಗೆ ಮೂಲ. ಮುಂಬಯಿಯ ಐಐಟಿಯ ಫಾಸ್ಸೀ ಯೋಜನೆ ರೂಪಿಸಿರುವ ಇಸಿಮ್ ಎಂಬ ಸಾಧನ ಕೈಕ್ಯಾಡನ್ನು ಎನ್‌ಜಿಸ್ಪೈಸ್ ಎಂಬ ಮಂಡಲ ಪರೀಕ್ಷಕದೊಡನೆ ಹೊಂದಿಸಿ ಕಾಲೇಜುಗಳಿಗೆ ಉಚಿತವಾಗಿ ಒದಗಿಸುತ್ತಿರುವುದರಿಂದ, ಕೈಕ್ಯಾಡನ್ನು ಬಲ್ಲ ತರುಣರು ಸಿಗುವುದೂ ಈಗ ಕಷ್ಟವಲ್ಲ.

ಚೀನದ ಈಸಿಇಡಿಎಯ ಆಕರ್ಷಣೆ ಇನ್ನೊಂದು ತೆರನಾದುದು. ಬ್ರೌಸರಿನಲ್ಲಿಯೇ ನಡೆಯುವ ಈ ತಂತ್ರಾಂಶ ಅದೇ ಬಳಗದ ಫಲಕ ಕಾರ್ಖಾನೆಗೂ ಬಿಡಿಭಾಗಗಳ ಮಳಿಗೆಗೂ ಕೂಡಿಕೊಂಡಿರುವುದರಿಂದ, ನಕ್ಷೆಯಲ್ಲಿ ಇಡುವ ಭಾಗ ಮಳಿಗೆಯಲ್ಲಿ ಎಷ್ಟು ಉಳಿದಿದೆ, ಬೆಲೆಯೇನು ಎಂಬುದು ಅಲ್ಲೇ ಕಾಣುವುದು; ಚಿತ್ರ ಮುಗಿದ ಕೂಡಲೇ ಭಾಗಗಳನ್ನು ಬೆಸೆದ ಫಲಕಕ್ಕೆ ಆದೇಶ ಕೊಡಬಹುದು. ಮೊದಲ ಮಾದರಿಯನ್ನು ಬೇಗ ಕಣ್ಣಾರೆ ಕಾಣಬೇಕೆಂಬುವರಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಆದರೆ ಚಿತ್ರ ಅವರ ಸರ್ವರಿನಲ್ಲಿ, ಭಾಗದ ಆಯ್ಕೆ ಅವರ ದಾಸ್ತಾನಿನಲ್ಲಿ. ಸ್ವಂತ ಗಣಕದಲ್ಲಿ ನಡೆಸಿಕೊಳ್ಳುವ ರೂಪವೂ ಲಭ್ಯವಿದೆಯಾದರೂ ಅದರ ಸೊಗಸೆಲ್ಲ ಆ ಮಳಿಗೆಯ ನಂಟಿನಲ್ಲಿಯೇ ಅಡಗಿದೆ. ಮಾದರಿಯನ್ನು ಅದರಲ್ಲಿ ಮಾಡಿ, ಮಾರುಕಟ್ಟೆಗೆ ಹೋಗುವ ಚಿತ್ರವನ್ನು ಕೈಕ್ಯಾಡಿನಲ್ಲಿ ಮತ್ತೆ ಬರೆಯುವವರುಂಟು. ಎರಡು ಬಾರಿಯ ದುಡಿಮೆಯಾದರೂ ಅದು ಅವಿವೇಕವೆನಿಸದು.

ಕೈಕ್ಯಾಡಿಗಿಂತ ಮೇಲಕ್ಕೆ ಹೋಗಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ಡಿಡಿಆರ್ ಸ್ಮೃತಿಯ ಚಿಪ್ಪು, ನೂರಾರು ಕಾಲುಗಳ ಬಿಜಿಎ, ವೇಗದ ಕ್ಯಾಮೆರಾ ಸಂಕೇತಗಳು ಬಂದಾಗ ಟ್ರ್ಯಾಕಿನ ಉದ್ದವನ್ನು ಸರಿದೂಗಿಸುವುದಷ್ಟೇ ಅಲ್ಲದೆ ಸಂಕೇತದ ಶುದ್ಧಿಯನ್ನು ಮುಂಚಿತವಾಗಿ ಗಣಿಸಿ ನೋಡುವುದೂ ಅಗತ್ಯವಾಗಿ, ಬೆಲೆಯುಳ್ಳ ಸಾಧನಗಳು ತಮ್ಮ ಬೆಲೆಯನ್ನು ಸಮರ್ಥಿಸಿಕೊಳ್ಳುತ್ತವೆ. ಆದರೆ ಎಷ್ಟೋ ವೇಳೆ ತಂತ್ರಾಂಶದ ಕೊರತೆಯೆಂದು ತೋರುವುದು ಪದರಗಳ ಕೊರತೆಯಾಗಿರುತ್ತದೆ. 1.6 ಮಿ.ಮೀ. ದಪ್ಪದ ಎರಡು ಪದರದ ಎಫ್‌ಆರ್-4 ಫಲಕದಲ್ಲಿ ಆಂಟೆನಾಕ್ಕೆ ಹೋಗುವ 50 ಓಮಿನ ಟ್ರ್ಯಾಕು ಸುಮಾರು 3 ಮಿ.ಮೀ. ಅಗಲವಾಗಬೇಕು, ನಾಲ್ಕು ಪದರದ ಫಲಕದಲ್ಲಿ ಗ್ರೌಂಡಿನ ಪದರ 0.2 ಮಿ.ಮೀ. ಕೆಳಗೇ ಇರುವುದರಿಂದ 0.4 ಮಿ.ಮೀ. ಒಳಗೇ ಅದು ಮುಗಿಯುತ್ತದೆ. ಎರಡು ಪದರದಲ್ಲಿ ಹೆಣಗಿ, ತಂತ್ರಾಂಶವನ್ನು ಹಳಿದು, ಹೊಸದನ್ನು ಕೊಳ್ಳಹೊರಟವರು ಅದೇ ಹಣವನ್ನು ಇನ್ನೆರಡು ಪದರಗಳಿಗೆ ವಿನಿಯೋಗಿಸಿದರೆ ಫಲ ಬೇಗ ಕೈಸೇರುವುದು.

ಈಗಲ್ಲಿನಿಂದಲೋ ಆಲ್ಟಿಯಮ್ಮಿನಿಂದಲೋ ಹಳೆಯ ಚಿತ್ರಗಳನ್ನು ಕೈಕ್ಯಾಡಿಗೆ ತರುವವರು ಆಮದು ಯಶಸ್ವಿಯಾಯಿತೆಂಬ ಸಂದೇಶವನ್ನು ನಂಬಿ ಕಾರ್ಖಾನೆಗೆ ಧಾವಿಸಬಾರದು. ಟ್ರ್ಯಾಕುಗಳೂ ಪ್ಯಾಡುಗಳೂ ಸಾಮಾನ್ಯವಾಗಿ ಯಥಾವತ್ತಾಗಿ ಬರುತ್ತವೆಯಾದರೂ, ಗ್ರೌಂಡಿನ ತಾಮ್ರವನ್ನು ಹೊಸ ತಂತ್ರಾಂಶ ತನ್ನದೇ ಲೆಕ್ಕದಲ್ಲಿ ಮತ್ತೆ ತುಂಬುವುದರಿಂದ ಅಂಚಿನ ಅಂತರಗಳೂ ಪ್ಯಾಡಿಗೆ ತಾಮ್ರವನ್ನು ಸೇರಿಸುವ ಕಿರುಸೇತುವೆಗಳ ಅಗಲವೂ ವ್ಯತ್ಯಾಸಗೊಳ್ಳಬಹುದು. ಹಸಿರು ಲೇಪನದ ಕಿಂಡಿಗಳು ಹಿಗ್ಗಬಹುದು ಅಥವಾ ಮುಚ್ಚಿಹೋಗಬಹುದು. ಹೊಸ ಚಿತ್ರದಿಂದ ಗರ್ಬರ್ ತೆಗೆದು, ಹಿಂದೆ ಯಶಸ್ವಿಯಾಗಿ ಫಲಕವಾಗಿದ್ದ ಹಳೆಯ ಗರ್ಬರಿನ ಮೇಲೆ ಪದರ ಪದರವಾಗಿ ಹೊಂದಿಸಿಟ್ಟು, ಎರಡೂ ತಂತ್ರಾಂಶಗಳಿಗೆ ಸೇರದ ಬೇರೊಂದು ಗರ್ಬರ್ ವೀಕ್ಷಕದಲ್ಲಿ ವ್ಯತ್ಯಾಸಗಳನ್ನು ನೋಡಿಕೊಂಡು, ಮೊದಲು ಹತ್ತು ಫಲಕಗಳನ್ನಷ್ಟೇ ಮಾಡಿಸಿ ಬೆಸೆದು ಪರೀಕ್ಷಿಸಿದ ಮೇಲೆಯೇ ಸಾವಿರದ ಆದೇಶವನ್ನು ಕೊಡುವುದು ಕ್ರಮ.